ಮೊದಲು ಕೆಲಸ, ಆಮೇಲೆ ತರಬೇತಿ

ಎಲ್ಲರಿಗೂ ನಮಸ್ಕಾರ. ತಿಂಗಳ ಕೊನೆ, ಡಿಸ್ಪ್ಯಾಚ್ ಗಡಿಬಿಡಿ. ಆದರೂ ಇಷ್ಟು ಜನ ಕಾರ್ಖಾನೆ ಮಾಲೀಕರು ಬಂದಿದ್ದೀರಿ, ಸಂತೋಷ. ಮೊದಲೇ ಹೇಳಿಬಿಡುತ್ತೇನೆ, ನಾನು ದೇಣಿಗೆ ಕೇಳಲು ಬಂದಿಲ್ಲ. ಪ್ಯಾಕಿಂಗಿಗೆ, ಹೆಲ್ಪರ್ ಕೆಲಸಕ್ಕೆ ಬಂದವರು ನಾಲ್ಕು ತಿಂಗಳೂ ನಿಲ್ಲುವುದಿಲ್ಲ ಅಂತ ನೀವು ಹೇಳುವುದನ್ನು ಕೇಳಿದ್ದೇನೆ. ಇತ್ತ ನಮ್ಮ ಬಳಿ ಕೆಲಸ ಬೇಕು ಅನ್ನುವ ಅಂಗವಿಕಲರು ಮನೆಯಲ್ಲೇ ಕೂತಿದ್ದಾರೆ.

2011ರ ಜನಗಣತಿ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಕರ್ನಾಟಕದಲ್ಲೇ ಸುಮಾರು 13 ಲಕ್ಷ. ದೇಶದ ಲೆಕ್ಕದಲ್ಲಿ ದುಡಿಯುತ್ತಿದ್ದವರು ಶೇ 36ರಷ್ಟು ಮಾತ್ರ, ಹೆಂಗಸರಲ್ಲಿ ಶೇ 23. ಇದರಲ್ಲಿ ಮಕ್ಕಳು, ವಯಸ್ಸಾದವರೂ ಸೇರಿದ್ದಾರೆ ಅನ್ನೋದು ನಿಜ. ಆದರೂ ಕಡಿಮೆಯೇ ಅಲ್ವಾ? ಕಾಲು ಊನ ಇದ್ದವರಿಗೆ, ಕಿವಿ ಕೇಳದವರಿಗೆ ಅಲ್ಲಿ ಇಲ್ಲಿ ಒಂದಿಷ್ಟು ಬಾಗಿಲು ತೆರೆದಿವೆ. ಬುದ್ಧಿಮಾಂದ್ಯತೆ, ಆಟಿಸಂ, ಮಾನಸಿಕ ಕಾಯಿಲೆ ಇರುವವರನ್ನು ಮಾತ್ರ ಯಾರೂ ಒಳಗೆ ಕರೆಯುತ್ತಿಲ್ಲ. ಇವತ್ತು ನನ್ನ ಮಾತು ಮುಖ್ಯವಾಗಿ ಅವರದು.

ಇಂಥವರ ದಾರಿ ಸಾಮಾನ್ಯವಾಗಿ ಹೀಗಿರುತ್ತದೆ. ವಿಶೇಷ ಶಾಲೆ ಮುಗಿಯುತ್ತದೆ. ಮುಂದೆ ತರಬೇತಿ ಕೇಂದ್ರ. ಅಲ್ಲಿ ಮೇಣದ ಬತ್ತಿ, ಪೇಪರ್ ಕವರ್, ಫಿನಾಯಿಲ್. ‘ಇನ್ನೂ ರೆಡಿ ಆಗಿಲ್ಲ, ಇನ್ನೊಂದು ವರ್ಷ ಇರಲಿ’ ಅಂತ ಪ್ರತಿ ವರ್ಷ ಹೇಳುತ್ತಾರೆ. ಮೂವತ್ತೈದು ದಾಟಿದ ಗಂಡಸನ್ನೂ ಅಲ್ಲಿ ‘ನಮ್ಮ ಮಕ್ಕಳು’ ಅಂತಲೇ ಕರೆಯುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ನನಗೆ ಗೊತ್ತು. ಆದರೆ ಮೇಣದ ಬತ್ತಿ ಮಾಡಲು ಕಲಿತವನನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಮೇಣದ ಬತ್ತಿ ಕಾರ್ಖಾನೆ ಈ ಊರಲ್ಲಿ ಎಲ್ಲಿದೆ? ದಂಡೆಯ ಮೇಲೆ ಕೂರಿಸಿ ಈಜು ಕಲಿಸಿದ ಹಾಗಾಯಿತು.

ಬೆಂಬಲಿತ ಉದ್ಯೋಗ ಈ ಕ್ರಮವನ್ನು ತಿರುಗಿಸಿ ಹಾಕುತ್ತದೆ. ಮೊದಲು ನಿಜವಾದ ಕೆಲಸ, ನಿಜವಾದ ಸಂಬಳ. ತರಬೇತಿ ಅದೇ ಜಾಗದಲ್ಲಿ, ಅದೇ ಮೆಷಿನ್ನಿನ ಮುಂದೆ. ಪಕ್ಕದಲ್ಲಿ ಕಲಿಸುವವರೊಬ್ಬರು ಇರುತ್ತಾರೆ. ಅವರನ್ನು ಜಾಬ್ ಕೋಚ್ ಅನ್ನುತ್ತೇವೆ.

ಇದರ ಬೇರು ಅಮೆರಿಕದಲ್ಲಿದೆ. ಮಾರ್ಕ್ ಗೋಲ್ಡ್ ಅಂತ ಒಬ್ಬರಿದ್ದರು, ಮೊದಲು ವಿಶೇಷ ಶಾಲೆಯ ಮೇಷ್ಟ್ರು, ಆಮೇಲೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರು. ತೀವ್ರ ಬುದ್ಧಿಮಾಂದ್ಯತೆ ಇರುವವರಿಗೆ ಸೈಕಲ್ಲಿನ ಹಿಂದಿನ ಚಕ್ರದ ಬ್ರೇಕ್ ಜೋಡಿಸಲು ಅವರು ಕಲಿಸಿದರು. 15 ಬಿಡಿಭಾಗಗಳ ಬ್ರೇಕ್ ಅದು. ಇದು 1970ರ ದಶಕದ ಶುರುವಿನ ಮಾತು. ಇವರಿಗೆ ಸ್ಪೂನು ಎಣಿಸಿ ಪೊಟ್ಟಣ ಕಟ್ಟಲು ಬಂದರೆ ಸಾಕು ಅಂತ ಎಲ್ಲರೂ ಅಂದುಕೊಂಡಿದ್ದ ಕಾಲ. ಗೋಲ್ಡ್ ಮಾಡಿದ್ದು ಇಷ್ಟೇ. ಕೆಲಸವನ್ನು ಚಿಕ್ಕ ಚಿಕ್ಕ ಹಂತಗಳಾಗಿ ಒಡೆದರು. ಭಾಗಗಳನ್ನು ಜೋಡಿಸುವ ಕ್ರಮದಲ್ಲಿ ಸಾಲಾಗಿ ಇಟ್ಟರು. ಕೆಲವು ಭಾಗಗಳಲ್ಲಿ ಯಾವ ಮುಖ ಜೋಡಿಸುವವರ ಕಡೆಗಿರಬೇಕೋ ಅದಕ್ಕೆ ಬಣ್ಣ ಹಚ್ಚಿದರು. ಬಾಯಿಮಾತಿನ ವಿವರಣೆ ತೀರಾ ಕಡಿಮೆ. ತಪ್ಪಾದರೆ ಬೈಗುಳ ಇಲ್ಲ, ‘ಬೇರೆ ಥರ ಮಾಡಿ ನೋಡು’ ಅನ್ನುವ ಒಂದು ಮಾತು. ಕಲಿತವರು ಜೋಡಿಸಿದರು. ಬಣ್ಣ ಇಲ್ಲದ ಬ್ರೇಕನ್ನೂ ಜೋಡಿಸಿದರು! 1986ರಲ್ಲಿ ಅಮೆರಿಕದ ಪುನರ್ವಸತಿ ಕಾನೂನಿಗೆ ತಿದ್ದುಪಡಿ ಬಂತು. ಬೆಂಬಲಿತ ಉದ್ಯೋಗಕ್ಕೆ ಅದರಲ್ಲಿ ಜಾಗ ಸಿಕ್ಕಿತು.

ನಮ್ಮ ಹುಬ್ಬಳ್ಳಿಯಲ್ಲಿ ವಾಲ್ವ್ ಮಾಡುವವರು ಸಾಕಷ್ಟು ಜನ ಇದ್ದೀರಿ. ಒಂದು ವಾಲ್ವಿನ ಜೊತೆ ಹೋಗುವ ಬೋಲ್ಟ್, ನಟ್, ವಾಷರ್, ಗ್ಯಾಸ್ಕೆಟ್ ಎಣಿಸಿ ಕವರಿಗೆ ಹಾಕುವ ಕೆಲಸ ಅಂದುಕೊಳ್ಳಿ. ಜಾಬ್ ಕೋಚ್ ಹುಡುಗನನ್ನು ಕರೆತರುವ ಮೊದಲು ತಾನೇ ಬಂದು ಆ ಕೆಲಸ ಮಾಡುತ್ತಾನೆ. ಸುಮ್ನೆ ನಿಂತು ನೋಡಿದರೆ ಸಾಲದು. ಕೈ ಹಾಕಿ ಮಾಡಿದಾಗಲೇ ಎರಡು ವಾಷರ್ ಅಂಟಿಕೊಂಡು ಬರುತ್ತವೆ ಅನ್ನೋದು ಗೊತ್ತಾಗುತ್ತದೆ. ಆಮೇಲೆ ಒಂದು ಟ್ರೇ ಮಾಡಿಸುತ್ತಾನೆ. ಎಂಟು ಬೋಲ್ಟಿಗೆ ಎಂಟು ಗುಳಿ. ಗುಳಿ ತುಂಬಿದರೆ ಲೆಕ್ಕ ಸರಿ, ಎಣಿಸಲು ಬರಬೇಕಾಗಿಯೇ ಇಲ್ಲ. ಇಂಥ ಟ್ರೇ ಬಂದ ಮೇಲೆ ಉಳಿದ ಕೆಲಸಗಾರರೂ ಅದನ್ನೇ ಕೇಳುತ್ತಾರೆ.

ಆದರೆ ಕೆಲಸ ಕಲಿಸುವುದು ಸುಲಭದ ಭಾಗ. ಕೆಲಸ ಬಿಟ್ಟುಹೋಗುವುದು ಬೇರೆ ಕಾರಣಗಳಿಗೆ. ಬಸ್ಸಿನ ರೂಟ್ ಬದಲಾಯಿತು. ಶಿಫ್ಟ್ ಬದಲಾದದ್ದನ್ನು ಯಾರೂ ಹೇಳಲಿಲ್ಲ. ಊಟದ ಹೊತ್ತಿಗೆ ಒಬ್ಬನೇ ಕೂರಬೇಕಾಯಿತು. ಯಾರೋ ತಮಾಷೆ ಮಾಡಿದರು, ಅವನು ಕೂಗಾಡಿದ. ಅದಕ್ಕೇ ಕೋಚ್ ಮೊದಲ ವಾರಗಳಲ್ಲಿ ಇಡೀ ದಿನ ಇರುತ್ತಾನೆ, ಬಸ್ಸಿನಲ್ಲೂ ಜೊತೆಗೆ ಬರುತ್ತಾನೆ. ಆಮೇಲೆ ಅರ್ಧ ದಿನ, ಆಮೇಲೆ ವಾರಕ್ಕೊಮ್ಮೆ. ಅಷ್ಟರಲ್ಲಿ ಲೈನಿನಲ್ಲಿರುವ ಒಬ್ಬ ಅಣ್ಣನೋ ಅಕ್ಕನೋ ‘ಏನಿದ್ರೂ ನನ್ನ ಕೇಳು’ ಅನ್ನುವಂತಾಗಿರಬೇಕು. ಹಾಗಾಗದಿದ್ದರೆ ಕೋಚ್ ಹೊರಟ ಮರುವಾರವೇ ಹುಡುಗನೂ ಹೊರಡುತ್ತಾನೆ. ಮಾನಸಿಕ ಕಾಯಿಲೆ ಇರುವವರಿಗೆ ಬೆಂಬಲ ಬೇರೆ ಥರ. ಕೆಲಸ ಅವರಿಗೆ ಬರುತ್ತದೆ. ಆಸ್ಪತ್ರೆಗೆ ಹೋಗಲು ರಜೆ ಬೇಕು. ಮಾತ್ರೆಯ ಮಂಪರು ಇರುವ ಬೆಳಗಿನ ಹೊತ್ತು ಸ್ವಲ್ಪ ತಡವಾಗಿ ಬರಲು ಬಿಡಬೇಕು.

ನಮ್ಮ ರಾಜ್ಯಕ್ಕೆ ಇದೆಲ್ಲ ಹೊಸದಲ್ಲ. ಬೆಂಗಳೂರಿನ ಎನೇಬಲ್ ಇಂಡಿಯಾ ಸಂಸ್ಥೆ 1999ರಿಂದ ಅಂಗವಿಕಲರ ಉದ್ಯೋಗಕ್ಕೆ ದುಡಿಯುತ್ತಿದೆ. ಮಿಟ್ಟಿ ಕೆಫೆ ನಿಮಗೆ ಗೊತ್ತೇ ಇದೆ, 2017ರಲ್ಲಿ ಶುರುವಾದದ್ದು ಇಲ್ಲೇ, ಬಿವಿಬಿ ಕಾಲೇಜಿನ ಆವರಣದಲ್ಲಿ. ಅಲ್ಲಿ ಚಹಾ ಮಾಡುವವರು, ಬಿಲ್ ಹಾಕುವವರು ಹೆಚ್ಚಿನವರೆಲ್ಲ ಅಂಗವಿಕಲರು. ಒಳ್ಳೆಯ ಕೆಲಸ. ಆದರೆ ನಾನು ನಿಮ್ಮಿಂದ ಬಯಸುವುದು ಇನ್ನೊಂದು ಥರದ್ದು. ಅವರಿಗೇ ಅಂತ ಬೇರೆ ಜಾಗ ಬೇಡ, ನಿಮ್ಮ ನಲವತ್ತು ಕೆಲಸಗಾರರ ನಡುವೆ ಒಬ್ಬರು ಇಬ್ಬರು ಇರಲಿ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸಿದೆ. ಸರ್ಕಾರಿ ಕೆಲಸದಲ್ಲಿ ಶೇ 4 ಮೀಸಲಾತಿ ಕೊಟ್ಟಿದೆ. ಅದರಲ್ಲಿ ಆಟಿಸಂ, ಬುದ್ಧಿಮಾಂದ್ಯತೆ, ಮಾನಸಿಕ ಕಾಯಿಲೆಗೂ ಪಾಲಿದೆ, 1995ರ ಕಾಯ್ದೆಯ ಮೀಸಲಾತಿಯಲ್ಲಿ ಅದು ಇರಲಿಲ್ಲ. ಖಾಸಗಿಯವರಿಗೆ ಮೀಸಲಾತಿಯ ಕಡ್ಡಾಯ ಇಲ್ಲ. ನಿಮ್ಮಲ್ಲಿ ಶೇ 5ರಷ್ಟು ಅಂಗವಿಕಲರು ಇರುವಂತಾಗಲು ಸರ್ಕಾರ ಪ್ರೋತ್ಸಾಹ ಕೊಡಬೇಕು ಅನ್ನುತ್ತದೆ, ಅಷ್ಟೇ. ಜಾಬ್ ಕೋಚ್ ಸಂಬಳ ಯಾರು ಕೊಡಬೇಕು ಅನ್ನೋದನ್ನು ಹೇಳುವುದಿಲ್ಲ. ನನ್ನ ಪ್ರಕಾರ ಇಡೀ ವಿಷಯ ನಿಂತುಹೋಗಿರುವುದು ಇಲ್ಲೇ. ಜಪಾನಿನಲ್ಲಿ ನಿಗದಿಯಷ್ಟು ಅಂಗವಿಕಲರನ್ನು ಇಟ್ಟುಕೊಳ್ಳದ ದೊಡ್ಡ ಕಂಪನಿಗಳು ಹಣ ಕಟ್ಟಬೇಕು, ಆ ಹಣ ಇಟ್ಟುಕೊಂಡವರಿಗೆ ನೆರವಾಗಿ ಹೋಗುತ್ತದೆ. 2002ರಿಂದ ಅಲ್ಲಿ ಜಾಬ್ ಕೋಚ್ ವ್ಯವಸ್ಥೆಯೇ ಇದೆ. ನಮ್ಮಲ್ಲಿ ಸಂಸ್ಥೆಗಳು ದಾನದ ಹಣದಲ್ಲಿ ಕೋಚ್ ಇಟ್ಟುಕೊಳ್ಳುತ್ತವೆ. ದಾನ ನಿಂತರೆ ಕೋಚೂ ಇಲ್ಲ. ನಿಮ್ಮ ಸಂಘ ಸರ್ಕಾರಕ್ಕೆ ಮನವಿ ಬರೆಯುವುದಾದರೆ ಕೋಚ್ ಸಂಬಳಕ್ಕೆ ಹಣ ಬೇಕು ಅನ್ನುವ ಒಂದು ಸಾಲು ಸೇರಿಸಿ.

ಹಿಂದಿನ ಸಾಲಿನಲ್ಲಿ ತಂದೆತಾಯಿಗಳೂ ಕೂತಿದ್ದೀರಿ. ‘ಸರ್ಕಾರ ಕೊಡುವ ಮಾಸಾಶನ ನಿಂತುಹೋದರೆ?’ ಅನ್ನುವ ನಿಮ್ಮ ಭಯ ಸುಳ್ಳಲ್ಲ, ಅದಕ್ಕೆ ಆದಾಯದ ಮಿತಿ ಇದೆ. ಸೇರುವ ಮೊದಲೇ ಕಚೇರಿಯಲ್ಲಿ ವಿಚಾರಿಸಿ, ಲೆಕ್ಕ ಹಾಕಿ ನಿರ್ಧರಿಸಿ. ಆದರೆ ‘ಮನೆಯಲ್ಲೇ ಇರಲಿ ಬಿಡಿ’ ಅನ್ನುವ ಮೊದಲು ಮಗಳನ್ನು ಒಮ್ಮೆ ಕೇಳಿ. ಕೆಲಸ ಬೇಕಾಗಿರುವುದು ಅವಳಿಗೆ.

ಮಾಲೀಕರೇ, ನಿಮ್ಮಲ್ಲಿ ಜನ ನಿಲ್ಲದ ಒಂದು ಕೆಲಸ ಯಾವುದು ಅಂತ ಹೋಗುವಾಗ ಬರೆದುಕೊಟ್ಟು ಹೋಗಿ. ನಮ್ಮ ಕೋಚ್ ಬಂದು ನೋಡುತ್ತಾನೆ. ಆಗುವುದಿಲ್ಲ ಅನಿಸಿದರೆ ಆಗುವುದಿಲ್ಲ ಅಂತಲೇ ಹೇಳುತ್ತಾನೆ. ಒಂದೇ ಷರತ್ತು, ಪಕ್ಕದವನಿಗೆ ಕೊಡುವಷ್ಟೇ ಸಂಬಳ, ಪಿಎಫ್, ಇಎಸ್‌ಐ ಸಮೇತ. ‘ಪಾಪ, ಏನೋ ಕೈಖರ್ಚಿಗೆ ಕೊಡ್ತೀವಿ’ ಅನ್ನುವವರ ಚೀಟಿ ನಮಗೆ ಬೇಡ.