ಕಳ್ಳ, ಕಾದಾಳು, ಅರಣ್ಯಚರ: ಮನೆಯಾಟದ ಪಾತ್ರವರ್ಗಗಳನ್ನು ತಿದ್ದುವ ಬಗೆ

ಸ್ನೇಹಿತರೇ,

ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ, ಮಾತಿನಲ್ಲೇ ಕಥೆ ಕಟ್ಟುವ ಆಟಗಳಲ್ಲಿ ಪಳಗಿದ ಅನೇಕರು ಒಂದಲ್ಲ ಒಂದು ದಿನ ಅಚ್ಚಾದ ನಿಯಮಪುಸ್ತಕವನ್ನು ಬದಿಗಿಟ್ಟು ತಮ್ಮದೇ ನಿಯಮಗಳನ್ನು ಬರೆಯತೊಡಗುತ್ತಾರೆ. ಆಗ ಅವರು ಮೊದಲು ಕೈಹಾಕುವುದು ಕ್ಲಾಸ್‌ಗಳಿಗೆ, ಅಂದರೆ ಆಟಗಾರನ ಪಾತ್ರ ಏನೇನು ಬಲ್ಲದೆಂದು ಗೊತ್ತುಮಾಡುವ ಪಾತ್ರವರ್ಗಗಳಿಗೆ. ಯಕ್ಷಗಾನ ಬಲ್ಲ ನನ್ನ ಗೆಳೆಯನೊಬ್ಬ ಇವನ್ನು ವೇಷಗಳೆಂದೇ ಕರೆಯುತ್ತಾನೆ. ಪುಂಡುವೇಷ, ಬಣ್ಣದ ವೇಷಗಳಂತೆ, ರಂಗಕ್ಕೆ ಬಂದ ಕೂಡಲೇ ಯಾರಿಂದ ಏನನ್ನು ನಿರೀಕ್ಷಿಸಬೇಕೆಂದು ತಿಳಿಯಬೇಕಂತೆ. ವರ್ಗವೊಂದು ಸಪ್ಪೆಯೆನಿಸಿದಾಗ ಅದರ ಅಂಕಿಗಳನ್ನು ತಿದ್ದುವ ಮೊದಲು, ನಮ್ಮ ಮೇಜಿನಲ್ಲಿ ಆಟ ಹೇಗೆ ಸಾಗುತ್ತಿದೆಯೆಂದು ನೋಡಬೇಕೆಂಬುದು ನನ್ನ ಇಂದಿನ ವಾದ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ ಇಂಥ ಆಟದಲ್ಲಿ ಇದ್ದದ್ದು ಕಾದಾಳು, ಮಾಂತ್ರಿಕ, ಪುರೋಹಿತ ಎಂಬ ಮೂರೇ ವರ್ಗಗಳು. ಕಳ್ಳ ಬಂದದ್ದು ಮರುವರ್ಷದ ಗ್ರೇಹಾಕ್ ಪುರವಣಿಯಲ್ಲಿ. ಸದ್ದಿಲ್ಲದೆ ನಡೆಯುವುದಕ್ಕೆ, ನೆರಳಲ್ಲಿ ಅಡಗುವುದಕ್ಕೆ ಅವನಿಗೆ ಗೆಲುವಿನ ಶೇಕಡಾವಾರು ಅಂಕಿಗಳು ದೊರೆತವು. ಅಲ್ಲಿಯವರೆಗೆ ಅಡಗುತ್ತೇನೆಂದು ಯಾರು ಬೇಕಾದರೂ ಹೇಳಬಹುದಿತ್ತು. ಅಂಕಿ ಒಬ್ಬನ ಪಾಲಾದ ಮೇಲೆ ಅದು ಉಳಿದವರ ಕೆಲಸವಲ್ಲವೆಂಬ ಓದು ಹುಟ್ಟಿಕೊಂಡಿತು. ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ನನ್ನ ಆಟದ ಬೇಹುಗಾರನಿಗೆ ಸುಳ್ಳನ್ನು ಹಿಡಿಯುವ ವಿದ್ಯೆಯನ್ನು ಕೊಟ್ಟ ದಿನದಿಂದ, ಛತ್ರದವನನ್ನು ಮಾತಿಗೆಳೆಯುವ ಗೋಜಿಗೆ ಬೇರೆ ಯಾರೂ ಹೋಗಲಿಲ್ಲ.

ಮಾಂತ್ರಿಕನ ಮುಂದೆ ಕಾದಾಳು ಮಂಕಾಗುತ್ತಾನೆಂಬ ದೂರು ಇನ್ನೂ ಜಟಿಲವಾದದ್ದು. ಅದೇ ಆಟದ 2014ರ ಐದನೆಯ ಆವೃತ್ತಿಯಲ್ಲಿ, ಅನುಭವದ ಐದನೆಯ ಮಟ್ಟದ ಮಾಂತ್ರಿಕ ಬೆಂಕಿಯುಂಡೆ ಎಸೆದರೆ ಆರು ಮುಖದ ಎಂಟು ದಾಳಗಳ ಪೆಟ್ಟು, ಸರಾಸರಿ 28. ನಾಲ್ವರು ವೈರಿಗಳಲ್ಲಿ ಇಬ್ಬರು ಅರ್ಧ ಪೆಟ್ಟಿನಲ್ಲಿ ಪಾರಾದರೂ ಒಟ್ಟು 84 ಆಗುತ್ತದೆ. ಅದೇ ಮಟ್ಟದ ಕಾದಾಳು ಪ್ರತಿ ಸರದಿಯಲ್ಲೂ ಎರಡು ಬಾರಿ ಖಡ್ಗ ಬೀಸಿ, ನೂರಕ್ಕೆ 65ರಷ್ಟು ತಾಗಿಸಿ, ಒಂದೊಂದು ಏಟಿಗೆ ಸರಾಸರಿ 8.5 ಪೆಟ್ಟು ಕೊಟ್ಟರೆ, ಸರದಿಯೊಂದಕ್ಕೆ ಸುಮಾರು 11 ಮಾತ್ರ. ಆದರೆ ಬೆಂಕಿಯುಂಡೆ ದಿನಕ್ಕೆ ಎರಡು, ಹೆಚ್ಚೆಂದರೆ ಮೂರು. ಖಡ್ಗಕ್ಕೆ ಅಂಥ ಮಿತಿಯಿಲ್ಲ. ಆಟದ ದಿನವೊಂದರಲ್ಲಿ ಆರರಿಂದ ಎಂಟು ಸಂಘರ್ಷಗಳನ್ನು ಪಾತ್ರಗಳು ತಾಳಬಲ್ಲವೆಂಬ ಎಣಿಕೆ ಆ ಆವೃತ್ತಿಯದು. ಭಾನುವಾರ ಸಂಜೆ ಸೇರುವ ನಮಗೆ ಒಂದು ಕಾಳಗ ಮುಗಿಸುವಷ್ಟರಲ್ಲೇ ಊಟದ ಹೊತ್ತಾಗುತ್ತಿತ್ತು, ಆದ್ದರಿಂದ ಮಾಂತ್ರಿಕ ಬತ್ತಳಿಕೆಯನ್ನೆಲ್ಲ ಒಮ್ಮೆಗೇ ಬರಿದುಮಾಡುತ್ತಿದ್ದ.

ಇದನ್ನರಿಯದೆ ನಾನು ಕಾದಾಳುವಿನ ಪ್ರತಿ ಏಟಿಗೂ ಎರಡಂಕ ಕೂಡಿಸಿದೆ. ಮಾಂತ್ರಿಕನ ಮೆರೆದಾಟ ಹಾಗೆಯೇ ಉಳಿಯಿತು. ಜೊತೆಗೆ ಬೇಹುಗಾರನೂ ಮಂಕಾದ. ಕೊನೆಗೆ ಆ ಎರಡಂಕವನ್ನು ಅಳಿಸಿ, ವಿಶ್ರಾಂತಿಯ ನಿಯಮವನ್ನೇ ತಿದ್ದಿದೆ: ಒಂದು ರಾತ್ರಿಯ ನಿದ್ದೆಗೆ ಮಂತ್ರಗಳು ಮರಳುವುದಿಲ್ಲ, ವಾರವಿಡೀ ಊರೊಳಗೆ ತಂಗಬೇಕು. ಹೊಸದೇನಲ್ಲ, ವಾರದ ವಿಶ್ರಾಂತಿಯೆಂಬುದು ಆ ಆವೃತ್ತಿಯ ಪುಸ್ತಕದಲ್ಲೇ ಐಚ್ಛಿಕವಾಗಿ ಇರುವ ನಿಯಮ. ಯಾವ ವರ್ಗದ ಪುಟವನ್ನೂ ಮುಟ್ಟದೆ ಎರಡು ವರ್ಗಗಳ ಜಗಳ ತಣ್ಣಗಾಯಿತು.

ಪುಟವನ್ನೇ ತಿದ್ದಬೇಕಾದದ್ದು ಕಾಡಿನ ದಾರಿ ಬಲ್ಲ ಅರಣ್ಯಚರನ ವಿಷಯದಲ್ಲಿ. ಅದೇ ಆವೃತ್ತಿಯಲ್ಲಿ, ತಾನು ಬಲ್ಲ ಸೀಮೆಯಲ್ಲಿ ಅವನ ತಂಡ ಮಾಯೆಯಿಂದಲ್ಲದೆ ದಾರಿ ತಪ್ಪುವಂತಿಲ್ಲ, ದುರ್ಗಮ ನೆಲ ಅವರ ಪಯಣವನ್ನು ನಿಧಾನಿಸುವಂತಿಲ್ಲ. ಕಾಡಿನ ಆಸೆಯಿಂದ ಈ ವರ್ಗವನ್ನು ಆರಿಸಿದ ಆಟಗಾರನಿಗೆ ಕಾಡೇ ಇಲ್ಲವಾಗುತ್ತದೆ! ಪ್ರಕಾಶಕರೂ 2016ರಲ್ಲಿ ಪ್ರಾಯೋಗಿಕ ಪರಿಷ್ಕರಣೆಯೊಂದನ್ನು, 2020ರಲ್ಲಿ ಐಚ್ಛಿಕ ಬದಲಿಗಳನ್ನು ಹೊರತಂದರು. ನಮ್ಮ ಮನೆಯಾಟದಲ್ಲಿ ಅರಣ್ಯಚರನಿಗೆ ಆಟ ನಡೆಸುವವನು ಎರಡು ದಾರಿಗಳನ್ನು ತೋರಿಸಿ, ಒಂದೊಂದರ ಅಪಾಯವನ್ನೂ ಮೊದಲೇ ಹೇಳಬೇಕು; ಆರಿಸುವುದು ಅವನಿಗೆ ಬಿಟ್ಟದ್ದು. ಕಳೆದ ಬಾರಿ ಅವನು ಜೌಗಿನ ದಾರಿ ಹಿಡಿದ, ಕಾದಾಳು ಸೊಂಟದವರೆಗೆ ಹೂತುಹೋದ, ಅವನನ್ನು ಎಳೆದು ಹೊರತೆಗೆಯುವುದರಲ್ಲೇ ಆ ಸಂಜೆ ಕಳೆಯಿತು.