ಅಂಕುಶವಿಲ್ಲದ ಆನೆ, ಕಾಲಿಗೆ ಸರಪಳಿ

ಅಧ್ಯಕ್ಷರೆ, ಹಿರಿಯರೆ, ವಿದ್ಯಾರ್ಥಿ ಮಿತ್ರರೆ,

ಇತಿಹಾಸದ ಉತ್ತರಪತ್ರಿಕೆಗಳನ್ನು ತಿದ್ದಲು ಕುಳಿತಾಗಲೆಲ್ಲ ಒಂದು ವಾಕ್ಯ ತಪ್ಪದೆ ನನಗೆ ಎದುರಾಗುತ್ತದೆ: ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ‘ನಾನೇ ರಾಜ್ಯ’ ಎಂದು ಘೋಷಿಸಿದನು. 1655ರ ಏಪ್ರಿಲ್ 13ರಂದು ಹದಿನಾರು ವರ್ಷದ ಅರಸ ಬೇಟೆಯ ಉಡುಪಿನಲ್ಲೇ ಪ್ಯಾರಿಸ್‌ನ ಪಾರ್ಲಮಾಂ ಎಂಬ ಉಚ್ಚ ನ್ಯಾಯಾಲಯದ ಸಭೆಗೆ ನುಗ್ಗಿ ಈ ಮಾತನ್ನಾಡಿದ ಎಂಬ ಕಥೆ ನಿಮಗೆಲ್ಲ ಗೊತ್ತಿದೆ. ಅಂದಿನ ಕಲಾಪದ ದಾಖಲೆಯಲ್ಲಿ ಆ ಮಾತಿಲ್ಲ. ಮರಣಶಯ್ಯೆಯಲ್ಲಿ ಅವನಾಡಿದ್ದೆಂದು ಆಸ್ಥಾನಿಕರು ಬರೆದಿಟ್ಟ ಮಾತು ಇದಕ್ಕೆ ತೀರ ವಿರುದ್ಧವಾದುದು: ‘ನಾನು ಹೊರಟೆ, ಆದರೆ ರಾಜ್ಯ ಎಂದೆಂದಿಗೂ ಉಳಿಯುತ್ತದೆ.’ ಆಡದ ಮಾತು ಮಕ್ಕಳಿಗೆ ಬಾಯಿಪಾಠವಾಗಿದೆ, ಆಡಿದ ಮಾತು ಯಾರ ಕಿವಿಗೂ ಬಿದ್ದಿಲ್ಲ. ಇಂದಿನ ಉಪನ್ಯಾಸಕ್ಕೆ ನಾನು ಒಪ್ಪಿಕೊಂಡದ್ದು ಇದೇ ಸಂಕಟದಿಂದ.

ತಪ್ಪಿನಲ್ಲಿ ನಮ್ಮ ಭಾಷೆಗೂ ಸ್ವಲ್ಪ ಪಾಲಿದೆ. ನಾವು ‘ನಿರಂಕುಶ ಪ್ರಭುತ್ವ’ ಎನ್ನುತ್ತೇವೆ. ಆ ಪದ ಕಿವಿಗೆ ಬಿದ್ದೊಡನೆ ಅಂಕುಶಕ್ಕೆ ಸಿಗದೆ ಊರೊಳಗೆ ನುಗ್ಗಿದ ಆನೆ ಕಣ್ಣಮುಂದೆ ಬರುತ್ತದೆ. ಆದರೆ ಫ್ರೆಂಚರ ‘ಅಬ್ಸೊಲ್ಯು’ ಎಂಬ ಪದದ ಲ್ಯಾಟಿನ್ ಮೂಲಕ್ಕೆ ‘ಬಿಡಿಸಲ್ಪಟ್ಟ’ ಎಂದಷ್ಟೇ ಅರ್ಥ. ಮನುಷ್ಯರು ಮಾಡಿದ ಕಾನೂನಿನ ಕಟ್ಟಿನಿಂದ ಅರಸ ಬಿಡಿಸಲ್ಪಟ್ಟವನು ಎಂಬ ಭಾವ. 1576ರಲ್ಲಿ ಈ ಸಿದ್ಧಾಂತವನ್ನು ಗಟ್ಟಿಯಾಗಿ ಮಂಡಿಸಿದ ಝಾಂ ಬೊದ್ಯಾಂ ಕೂಡ ಅರಸನು ದೈವನಿಯಮಕ್ಕೂ ನಿಸರ್ಗನಿಯಮಕ್ಕೂ ಅಧೀನ, ಸಿಂಹಾಸನದ ಉತ್ತರಾಧಿಕಾರದ ಕ್ರಮವನ್ನು ಬದಲಿಸಲಾರ, ರಾಜಕ್ಷೇತ್ರವನ್ನು ಪರಭಾರೆ ಮಾಡಲಾರ, ಪ್ರಜೆಗಳ ಸಮ್ಮತಿಯಿಲ್ಲದೆ ಅವರ ಸ್ವತ್ತಿಗೆ ಕೈಹಾಕಬಾರದು ಎಂದೇ ಬರೆದ. ಅಂಕುಶವಿಲ್ಲದ ಆನೆಯ ಕಾಲಿಗೂ ಸರಪಳಿಯಿತ್ತು. ಗ್ರಂಥದಲ್ಲಿದ್ದ ಸರಪಳಿಯನ್ನು ಬದಿಗಿಡೋಣ. ನೆಲದ ಮೇಲಿದ್ದ ಸರಪಳಿ ಇನ್ನೂ ಗಟ್ಟಿಯಾದದ್ದು, ಅದನ್ನು ಅರಸರು ತಾವೇ ಹಣ ಎಣಿಸಿಕೊಂಡು ತಮ್ಮ ಕಾಲಿಗೆ ಹಾಕಿಸಿಕೊಂಡಿದ್ದರು. ಅಲ್ಲಿನ ಅರಸರು ಅಧಿಕಾರವನ್ನು ಮಾರಿದ್ದರು, ಮಾರಿದ್ದನ್ನು ಮರಳಿ ಕೊಳ್ಳುವಷ್ಟು ಹಣ ಅವರ ಬಳಿ ಎಂದೂ ಇರಲಿಲ್ಲ. ನಾನು ಇಂದು ಹೇಳಬೇಕಾದದ್ದು ಇದನ್ನೇ.

ಮಾರಿದರು ಎಂಬುದು ಅಲಂಕಾರದ ಮಾತಲ್ಲ. ನ್ಯಾಯಾಧೀಶನ ಪೀಠ, ತೆರಿಗೆ ಖಜಾಂಚಿಯ ಹುದ್ದೆ, ನೋಟರಿಯ ಮೊಹರು, ಎಲ್ಲಕ್ಕೂ ಬೆಲೆಯಿತ್ತು. 1604ರಲ್ಲಿ ನಾಲ್ಕನೆಯ ಆಂರಿಯ ಸರ್ಕಾರ ‘ಪೊಲೆತ್’ ಎಂಬ ವಾರ್ಷಿಕ ಶುಲ್ಕವನ್ನು ತಂದಿತು. ಹುದ್ದೆಯ ಮೌಲ್ಯದ ಅರವತ್ತನೆಯ ಒಂದು ಪಾಲನ್ನು ವರ್ಷವರ್ಷ ಕಟ್ಟುತ್ತ ಹೋದರೆ ಆ ಹುದ್ದೆ ಮನೆಯಂತೆ, ಹೊಲದಂತೆ ಮಗನಿಗೆ ಹೋಗುತ್ತದೆ. 1665ರ ಸುಮಾರಿಗೆ ಮಂತ್ರಿ ಕೊಲ್ಬೇರ್ ಎಣಿಕೆ ಮಾಡಿಸಿದಾಗ ಇಂಥ ಹುದ್ದೆಗಳು ಸುಮಾರು 46,000 ಇದ್ದವು, ಅವುಗಳ ಒಟ್ಟು ಬೆಲೆ ಅಂದಿನ ಫ್ರೆಂಚ್ ನಾಣ್ಯದಲ್ಲಿ 41 ಕೋಟಿ ಲೀವ್ರ್‌ಗಳನ್ನು ಮೀರಿತ್ತು. ರಾಜ್ಯದ ವರ್ಷದ ಆದಾಯದ ಹಲವು ಪಟ್ಟು ಅದು. ಹಣ ಕೊಟ್ಟು ಕೊಂಡ ನ್ಯಾಯಾಧೀಶನನ್ನು ವಜಾ ಮಾಡಬೇಕಾದರೆ ಅವನ ಹಣವನ್ನು ಹಿಂತಿರುಗಿಸಬೇಕು. ಖಜಾನೆಯಲ್ಲಿ ಅದು ಎಲ್ಲಿತ್ತು?

ಈ ಹಿನ್ನೆಲೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಒಂದು ಪ್ರಸಂಗವನ್ನು ಹೇಳಬೇಕು. ಸ್ವಲ್ಪ ದೀರ್ಘವಾದರೆ ಸಭೆ ಸಹಿಸಿಕೊಳ್ಳಬೇಕು. 1648ರಲ್ಲಿ ಪೊಲೆತ್‌ನ ಅವಧಿ ಮುಗಿದಿತ್ತು. ಯುದ್ಧದ ಖರ್ಚಿನಿಂದ ಹೈರಾಣಾಗಿದ್ದ ಮಂತ್ರಿ ಕಾರ್ಡಿನಲ್ ಮಜಾರಾಂ, ಅದನ್ನು ನವೀಕರಿಸಬೇಕಾದರೆ ಉಚ್ಚ ನ್ಯಾಯಾಲಯಗಳವರು ನಾಲ್ಕು ವರ್ಷದ ಸಂಬಳ ಬಿಟ್ಟುಕೊಡಬೇಕೆಂದ. ಪಾರ್ಲಮಾಂಗೆ ಮಾತ್ರ ವಿನಾಯಿತಿ ಕೊಟ್ಟು ಒಡಕು ತರಲು ನೋಡಿದ. ಆದರೆ ಮೇ 13ರಂದು ಎಲ್ಲ ನ್ಯಾಯಾಲಯಗಳೂ ಒಂದಾದವು. ಈ ಪಾರ್ಲಮಾಂ ಇಂಗ್ಲೆಂಡಿನ ಪಾರ್ಲಿಮೆಂಟ್ ಅಲ್ಲ ಎಂಬುದನ್ನು ವಿದ್ಯಾರ್ಥಿಗಳು ದಯವಿಟ್ಟು ಗುರುತು ಹಾಕಿಕೊಳ್ಳಬೇಕು. ಅದು ನ್ಯಾಯಾಲಯ; ಅರಸನ ಶಾಸನ ತನ್ನ ಕಡತದಲ್ಲಿ ದಾಖಲಾಗದೆ ಜಾರಿಗೆ ಬರುವುದಿಲ್ಲ ಎಂಬುದೊಂದೇ ಅದರ ಬಲ. ಆಗಸ್ಟ್ 26ರಂದು, ಲಾಂಸ್ ಕದನದ ಗೆಲುವಿಗಾಗಿ ಚರ್ಚಿನಲ್ಲಿ ಸ್ತೋತ್ರ ಮುಗಿಯುತ್ತಿದ್ದಂತೆ, ಬ್ರುಸೆಲ್ ಎಂಬ ವೃದ್ಧ ನ್ಯಾಯಾಧೀಶನನ್ನು ಸರ್ಕಾರ ಬಂಧಿಸಿತು. ನೋಡನೋಡುತ್ತ ಪ್ಯಾರಿಸ್‌ನ ಬೀದಿಗಳಿಗೆ ಸರಪಳಿ ಬಿಗಿದು, ಮರದ ಪೀಪಾಯಿಗಳನ್ನು ಉರುಳಿಸಿ ಜನ ಅಡ್ಡಗಟ್ಟೆ ಕಟ್ಟಿದರು. ಎರಡು ದಿನದಲ್ಲಿ ಮುದುಕನನ್ನು ಬಿಡಬೇಕಾಯಿತು. ‘ಫ್ರೋಂದ್’ ದಂಗೆ ಹತ್ತಿಕೊಂಡದ್ದು ಹೀಗೆ.

ಮುಂದಿನದು 1651ರ ಫೆಬ್ರವರಿ 9ರ ರಾತ್ರಿ. ಮಜಾರಾಂ ಆಗಲೇ ಊರು ಬಿಟ್ಟಿದ್ದಾನೆ, ರಾಜಮಾತೆ ಆನ್ ಮಗನನ್ನು ಕರೆದುಕೊಂಡು ಅವನ ಹಿಂದೆಯೇ ಹೊರಡುತ್ತಾಳೆಂಬ ಸುದ್ದಿ ಹಬ್ಬಿದೆ. ಪಾಲೆ ರೋಯಾಲ್ ಅರಮನೆಯ ಮುಂದೆ ಜನ ಸೇರಿ ಅರಸನನ್ನು ತೋರಿಸಿ ಎಂದು ಕೂಗುತ್ತಾರೆ. ಆ ತಾಯಿ ಬಾಗಿಲು ತೆರೆಯಿಸಿಬಿಡುತ್ತಾಳೆ. ಹನ್ನೆರಡು ವರ್ಷದ ಬಾಲಕ ಲೂಯಿ ಪ್ರಯಾಣದ ಉಡುಪಿನಲ್ಲೇ ಹೊದಿಕೆಯೊಳಗೆ ಸೇರಿ ಕಣ್ಣುಮುಚ್ಚಿ ಮಲಗಿದ್ದನೆಂದು ಹೇಳುತ್ತಾರೆ. ಜನ ಸಾಲುಗಟ್ಟಿ ಮಂಚದ ಪಕ್ಕದಲ್ಲಿ ಹಾದುಹೋದರು. ಆರ್ಭಟಿಸುತ್ತ ಬಂದವರು ಮಗು ನಿದ್ದೆ ಮಾಡುತ್ತಿದೆಯೆಂದು ದನಿ ತಗ್ಗಿಸಿದರು, ಹರಸಿ ಹೋದರು. ಮುಚ್ಚಿದ ಆ ರೆಪ್ಪೆಗಳ ಹಿಂದೆ ಎಚ್ಚರವಾಗಿದ್ದ ಹುಡುಗನನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಕಲಕುತ್ತದೆ. ಅಪರಿಚಿತರ ಉಸಿರು ಅವನ ಮುಖಕ್ಕೆ ತಾಗಿರಬೇಕು. ಮುಂದೆ ಅವನು ಪ್ಯಾರಿಸ್ ತೊರೆದು ವರ್ಸಾಯಿಯಲ್ಲಿ ನೆಲೆಸಿದ್ದಕ್ಕೆ ವಿದ್ವಾಂಸರು ಬೇರೆ ಬೇರೆ ಕಾರಣ ಕೊಡುತ್ತಾರೆ, ನಾನು ಮಾತ್ರ ಆ ಮಂಚವನ್ನು ಮರೆಯಲಾರೆ.

ಹಾಗಾದರೆ ದೊಡ್ಡವನಾದ ಲೂಯಿ ಸರಪಳಿಯನ್ನು ಕಡಿದನೆ? 1661ರಿಂದ ಪ್ರಧಾನಮಂತ್ರಿಯಿಲ್ಲದೆ ತಾನೇ ಆಳಿದ. 1673ರಲ್ಲಿ, ಪಾರ್ಲಮಾಂ ಮೊದಲು ಶಾಸನವನ್ನು ದಾಖಲಿಸಬೇಕು, ಆಕ್ಷೇಪಣೆಯೇನಿದ್ದರೂ ಆಮೇಲೆ ಎಂದು ಕಟ್ಟಪ್ಪಣೆ ಮಾಡಿದ. ಪ್ರಾಂತ್ಯಗಳಿಗೆ ಹುದ್ದೆ ಕೊಳ್ಳದ, ಅರಸ ಬೇಕೆಂದಾಗ ತೆಗೆಯಬಹುದಾದ ಇಂಟೆಂಡಾಂಟರೆಂಬ ತನ್ನ ಅಧಿಕಾರಿಗಳನ್ನು ಕಳಿಸಿದ. ಸುಮಾರು ಎರಡು ಕೋಟಿ ಜನರಿದ್ದ ದೇಶಕ್ಕೆ ಅವರು ಮೂವತ್ತರ ಆಸುಪಾಸು ಮಂದಿ. ಜೊತೆಗೆ ಬೆರಳೆಣಿಕೆಯ ಗುಮಾಸ್ತರು. ಹುದ್ದೆ ಕೊಂಡ ಸ್ಥಳೀಯರ ಸಹಕಾರವಿಲ್ಲದೆ ಅವರಿಂದ ಒಂದು ಹೋಬಳಿಯ ತೆರಿಗೆಯನ್ನೂ ಎತ್ತಲಾಗುತ್ತಿರಲಿಲ್ಲ. ಯುದ್ಧಗಳು ಬಂದಾಗ ಲೂಯಿಯೂ ಅಪ್ಪ ಅಜ್ಜಂದಿರ ದಾರಿಯನ್ನೇ ಹಿಡಿದ. 1689ರಲ್ಲಿ ವರ್ಸಾಯಿಯ ಬೆಳ್ಳಿಯ ಮೇಜು ದೀಪಸ್ತಂಭಗಳನ್ನು ಟಂಕಸಾಲೆಗೆ ಕಳಿಸಿ ಕರಗಿಸಿದ. ಅದೂ ಸಾಲದೆ ಹೊಸ ಹೊಸ ಹುದ್ದೆಗಳನ್ನು ಸೃಷ್ಟಿಸಿ ಮಾರಿದ. ‘ತಾವು ಒಂದು ಹುದ್ದೆ ಸೃಷ್ಟಿಸಿದಾಗಲೆಲ್ಲ ಅದನ್ನು ಕೊಳ್ಳಲು ದೇವರು ಒಬ್ಬ ಮೂರ್ಖನನ್ನು ಸೃಷ್ಟಿಸುತ್ತಾನೆ’ ಎಂದು ಹಣಕಾಸು ಮಂತ್ರಿ ಪೊಂಶಾರ್ತ್ರಾಂ ನುಡಿದನೆಂಬ ಪ್ರತೀತಿಯಿದೆ. ಆ ಮೂರ್ಖ ನಿಜಕ್ಕೂ ಜಾಣ; ಅವನು ಕೊಂಡದ್ದು ಗೌರವವನ್ನು, ಎಷ್ಟೋ ಕಡೆ ತೆರಿಗೆಯ ವಿನಾಯಿತಿಯನ್ನು. 1692ರಲ್ಲಿ ಊರಿನ ಮೇಯರ್ ಪದವಿಗಳೂ ಮಾರಾಟಕ್ಕೆ ಬಂದವು. ಎಷ್ಟೋ ಊರುಗಳು ತಮ್ಮದೇ ಹಕ್ಕನ್ನು ದುಡ್ಡು ತೆತ್ತು ಬಿಡಿಸಿಕೊಂಡವು. ಅಧಿಕಾರ ಮತ್ತೆ ಮಾರಾಟವಾಯಿತು, ಸರಪಳಿಗೆ ಇನ್ನಷ್ಟು ಕೊಂಡಿಗಳು ಸೇರಿದವು.

‘ಗಾಬೆಲ್’ ಎಂಬ ಉಪ್ಪಿನ ತೆರಿಗೆಯನ್ನೇ ನೋಡಿ. ಎಲ್ಲಕ್ಕೂ ಒಬ್ಬನೇ ಒಡೆಯನಾಗಿದ್ದರೆ ದೇಶಕ್ಕೆಲ್ಲ ಒಂದೇ ದರ ಇರಬೇಕಿತ್ತು. ಪ್ಯಾರಿಸ್ ಸುತ್ತಲಿನ ‘ಹಿರಿ ಗಾಬೆಲ್’ ಸೀಮೆಯಲ್ಲಿ ಎಂಟು ವರ್ಷ ದಾಟಿದ ಪ್ರತಿಯೊಬ್ಬರ ಹೆಸರಿಗೂ ಇಷ್ಟು ಉಪ್ಪನ್ನು ಸರ್ಕಾರಿ ಉಗ್ರಾಣದಿಂದ ಕೊಳ್ಳಲೇಬೇಕು. ಪಕ್ಕದ ಬ್ರಿಟನಿಯಲ್ಲಿ ತೆರಿಗೆಯೇ ಇಲ್ಲ. 1532ರಲ್ಲಿ ಫ್ರಾನ್ಸಿಗೆ ಸೇರುವಾಗ ಆ ಪ್ರಾಂತ್ಯ ತನ್ನ ಹಕ್ಕುಗಳನ್ನು ಉಳಿಸಿಕೊಂಡಿತ್ತು. ಗಡಿಯ ಈಚೆ ಆಚೆ ಬೆಲೆ ಹತ್ತಾರು ಪಟ್ಟು ವ್ಯತ್ಯಾಸ. ಉಪ್ಪಿನ ಮೂಟೆ ಹೊತ್ತು ರಾತ್ರಿ ಗಡಿ ದಾಟಿ ಸಿಕ್ಕಿಬಿದ್ದವನಿಗೆ ನೌಕೆಯಲ್ಲಿ ಹುಟ್ಟು ಹಾಕುವ ಶಿಕ್ಷೆ. ಇಡೀ ಯುರೋಪನ್ನು ನಡುಗಿಸಿದ ಅರಸ ತನ್ನದೇ ರಾಜ್ಯದ ಎರಡು ಪ್ರಾಂತ್ಯಗಳಲ್ಲಿ ಉಪ್ಪಿಗೆ ಒಂದು ಬೆಲೆ ಮಾಡಲಾರದೆ ಹೋದ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ, ಬರಲೇಬೇಕು. 1685ರಲ್ಲಿ, ಪ್ರಾಟೆಸ್ಟೆಂಟರಿಗೆ ಆರಾಧನೆಯ ಹಕ್ಕು ಕೊಟ್ಟಿದ್ದ ನಾಂತ್ ಶಾಸನವನ್ನು ರದ್ದುಮಾಡಿ ಅವರ ಪ್ರಾರ್ಥನಾ ಮಂದಿರಗಳನ್ನು ಕೆಡವಿಸಿದವನು, ಸುಮಾರು ಎರಡು ಲಕ್ಷ ಜನ ಮನೆಮಠ ಬಿಟ್ಟು ಓಡುವಂತೆ ಮಾಡಿದವನು ನಿರಂಕುಶನಲ್ಲದೆ ಮತ್ತೇನು? ಅವರ ಪಾಲಿಗೆ ಖಂಡಿತ ನಿರಂಕುಶನೇ. ಮಿತಿಗಳಿದ್ದವು ಎಂದು ನಾನು ಹೇಳುವಾಗ ಅವು ಪ್ರಜೆಯ ಸ್ವಾತಂತ್ರ್ಯವಾಗಿದ್ದವು ಎಂದು ದಯವಿಟ್ಟು ಯಾರೂ ತಿಳಿಯಬಾರದು. ಅವು ಕೊಂಡವರ ಹಕ್ಕುಗಳು, ಹುಟ್ಟಿನಿಂದ ಪಡೆದವರ ಹಕ್ಕುಗಳು. ಪೀಠ ಕೊಂಡ ನ್ಯಾಯಾಧೀಶನ ಮುಂದೆ ಅರಸ ಚೌಕಾಶಿ ಮಾಡಿದ. ‘ತಾಯ್’ ತೆರಿಗೆ ಕಟ್ಟುವ ರೈತನ ಮುಂದೆ ಚೌಕಾಶಿ ಇರಲಿಲ್ಲ, ಜಪ್ತಿಯಿತ್ತು. ಹಿಡಿತಕ್ಕೆ ಸಿಗದ ಆನೆ ತುಳಿದದ್ದು ಸರಪಳಿಯ ಅಳತೆಯೊಳಗೆ ನಿಂತಿದ್ದ ಬಡವರನ್ನು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸ್ಪೇನಿನ ಅರಸನ ವಿರುದ್ಧ 1640ರಲ್ಲಿ ಕ್ಯಾಟಲೋನಿಯ ಮತ್ತು ಪೋರ್ಚುಗಲ್ ಒಂದೇ ವರ್ಷ ಎದ್ದದ್ದನ್ನೂ, 1665ರ ಲಿಖಿತ ರಾಜಶಾಸನದಿಂದ ನಿರಂಕುಶತೆಯನ್ನೇ ಸಂವಿಧಾನ ಮಾಡಿಕೊಂಡ ಡೆನ್ಮಾರ್ಕನ್ನೂ ವಿಸ್ತರಿಸಬೇಕೆಂದಿದ್ದೆ. ಹೆಸರು ಹೇಳಿ ಬಿಡುತ್ತೇನೆ. 1771ರಲ್ಲಿ ಮೊಪು ಎಂಬ ಮಂತ್ರಿ ಪ್ಯಾರಿಸ್ ಪಾರ್ಲಮಾಂನವರನ್ನು ಗಡೀಪಾರು ಮಾಡಿ ಹುದ್ದೆಯ ಮಾರಾಟಕ್ಕೇ ಕೈಹಾಕಿದ. ಮೂರೇ ವರ್ಷದಲ್ಲಿ ಹೊಸ ಅರಸ ಅವರನ್ನು ವಾಪಸು ಕರೆಸಿದ.

ಆದರೆ ಉಯಿಲಿನ ವಿಷಯವನ್ನು ಹೇಳದೆ ಕೂರಲಾರೆ. 1714ರ ಆಗಸ್ಟ್‌ನಲ್ಲಿ ಮುಪ್ಪಿನ ಲೂಯಿ, ತನ್ನ ಅಳಿಯನೂ ತಮ್ಮನ ಮಗನೂ ಆದ ಆರ್ಲೆಯಾಂ ಡ್ಯೂಕನ ಕೈಗೆ, ಎಳೆಯ ಉತ್ತರಾಧಿಕಾರಿಯ ಹೆಸರಿನಲ್ಲಿ ಆಳುವ ಪೂರ್ಣ ಅಧಿಕಾರ ಸಿಗಬಾರದೆಂದು ಉಯಿಲು ಬರೆದು, ಮುದ್ರೆ ಹಾಕಿ ಪಾರ್ಲಮಾಂನವರಿಗೆ ಒಪ್ಪಿಸಿದ. ಅವರು ಅದನ್ನು ನ್ಯಾಯಾಲಯದ ಗೋಪುರದ ಗೋಡೆಯೊಳಗೆ ಕಬ್ಬಿಣದ ಬಾಗಿಲ ಹಿಂದೆ ಇಟ್ಟು ಮೂರು ಬೀಗ ಹಾಕಿದರು. ಒಪ್ಪಿಸುವಾಗಲೇ ಲೂಯಿ, ತನ್ನ ತಂದೆಯ ಉಯಿಲಿಗೆ ಏನಾಯಿತೆಂಬುದು ತನಗೆ ಗೊತ್ತಿದೆ ಎಂದನಂತೆ. 1643ರ ಮೇ 18ರಂದು ತಂದೆಯ ಕಟ್ಟಳೆಯನ್ನು ಇದೇ ಪಾರ್ಲಮಾಂ ತಳ್ಳಿಹಾಕಿದಾಗ, ಐದು ವರ್ಷ ಕೂಡ ತುಂಬದ ಅವನನ್ನೇ ಮೆತ್ತೆಗಳ ಮೇಲೆ ಕೂರಿಸಿಕೊಂಡಿದ್ದರು. 1715ರ ಸೆಪ್ಟೆಂಬರ್ 1ರಂದು ಲೂಯಿ ತೀರಿಕೊಂಡ. ಮರುದಿನ ಉಯಿಲನ್ನು ತಂದು ಓದಿದರು, ಸಂಜೆಯೊಳಗೆ ಡ್ಯೂಕನಿಗೆ ಪೂರ್ಣ ಅಧಿಕಾರ ಕೊಟ್ಟರು. 15ರಂದು ಡ್ಯೂಕ್ ಅದರ ಋಣ ತೀರಿಸಿದ: 1673ರಲ್ಲಿ ಕಿತ್ತುಕೊಂಡಿದ್ದ ಆಕ್ಷೇಪಣೆಯ ಹಕ್ಕು ಪಾರ್ಲಮಾಂಗೆ ಮರಳಿ ಬಂತು. ಹೊಸ ಅರಸನಿಗೆ ಆಗ ಐದು ವರ್ಷ.

ನಮಸ್ಕಾರ.