ಡಿಸ್ನಿ ಟೈಮ್‌ಶೇರನ್ನು ಮರುಮಾರಾಟದಲ್ಲಿ ಕೊಳ್ಳುವಾಗ ಚೌಕಾಸಿ ಎಲ್ಲಿ ಮಾಡಬೇಕು?

[ಪರದೆಯ ಮೇಲೆ ಒಂದೇ ಸಾಲು: ಸಾರಟೋಗಾ ಸ್ಪ್ರಿಂಗ್ಸ್, 160 ಪಾಯಿಂಟ್, ಡಿಸೆಂಬರ್ ಯೂಸ್ ಇಯರ್, ಪಾಯಿಂಟಿಗೆ 105 ಡಾಲರ್]

ನಮಸ್ಕಾರ. ಅಮೆರಿಕದಲ್ಲಿ ನೆಲೆಸಿರುವ, ಮಕ್ಕಳನ್ನು ಕರೆದುಕೊಂಡು ಮತ್ತೆ ಮತ್ತೆ ಆರ್ಲ್ಯಾಂಡೋಗೆ ಹೋಗುವ ಅನೇಕ ಕನ್ನಡ ಕುಟುಂಬಗಳು ಒಂದಲ್ಲ ಒಂದು ದಿನ ಇಂಥ ಜಾಹೀರಾತಿನ ಮುಂದೆ ಬಂದು ನಿಲ್ಲುತ್ತವೆ. ಡಿಸ್ನಿಯ ಟೈಮ್‌ಶೇರ್ ಆದ ಡಿಸ್ನಿ ವೆಕೇಶನ್ ಕ್ಲಬ್ಬಿನ ಪಾಯಿಂಟ್‌ಗಳನ್ನು, ಅಂದರೆ ಪ್ರತಿ ವರ್ಷ ಅದರ ರೆಸಾರ್ಟ್‌ಗಳಲ್ಲಿ ತಂಗಲು ಖರ್ಚು ಮಾಡುವ ಪಾಯಿಂಟ್‌ಗಳನ್ನು, ಕಂಪನಿಯಿಂದಲೇ ಕೊಂಡರೆ ಪಾಯಿಂಟಿಗೆ 200 ಡಾಲರಿಗೂ ಹೆಚ್ಚು ಬೀಳುತ್ತದೆ. ಹಳೆಯ ಸದಸ್ಯರಿಂದ ಕೊಂಡರೆ ಹಲವು ರೆಸಾರ್ಟ್‌ಗಳಲ್ಲಿ ಅದರ ಅರ್ಧಕ್ಕೆ ಸಿಗುತ್ತದೆ. ಈ ವ್ಯತ್ಯಾಸವನ್ನು ಕಂಡವರು 105 ಎಂಬ ಆ ಒಂದು ಸಂಖ್ಯೆಯನ್ನು ಹಿಡಿದು ಎಳೆದಾಡಲು ತೊಡಗುತ್ತಾರೆ. ನನ್ನ ಅನುಭವದಲ್ಲಿ ಹಣ ಉಳಿಯುವುದೂ ಕಳೆಯುವುದೂ ಹೆಚ್ಚಾಗಿ ಆ ಸಂಖ್ಯೆಯ ಸುತ್ತಲಿನ ಷರತ್ತುಗಳಲ್ಲಿ.

ಮೊದಲು, ಕೊಳ್ಳುತ್ತಿರುವುದು ಏನನ್ನು ಎಂಬುದು ತಿಳಿದಿರಬೇಕು. ಇದು ಕ್ಲಬ್ಬಿನ ಚೀಟಿಯಲ್ಲ, ಸ್ಥಿರಾಸ್ತಿಯ ಪಾಲು. ಫ್ಲೋರಿಡಾದ ರೆಸಾರ್ಟ್‌ಗಳಿಗೆ ಸಂಬಂಧಿಸಿದ ಕ್ರಯಪತ್ರವು ಕೌಂಟಿಯಲ್ಲಿ ನೋಂದಣಿಯಾಗುತ್ತದೆ, ಮತ್ತು ಅದರಲ್ಲಿ ಒಂದು ನಿರ್ದಿಷ್ಟ ಯೂನಿಟ್ಟಿನ ಶೇಕಡಾವಾರು ಪಾಲು ನಿಮ್ಮದೆಂದು ಬರೆದಿರುತ್ತದೆ. ಆದರೆ ಈ ಒಡೆತನಕ್ಕೆ ಕೊನೆಯ ದಿನವಿದೆ. ಬೋರ್ಡ್‌ವಾಕ್, ಬೀಚ್ ಕ್ಲಬ್ ಮುಂತಾದ ಹಳೆಯ ರೆಸಾರ್ಟ್‌ಗಳ ಅವಧಿ 2042ರ ಜನವರಿ 31ಕ್ಕೆ ಮುಗಿಯುತ್ತದೆ. ಸಾರಟೋಗಾ ಸ್ಪ್ರಿಂಗ್ಸ್ 2054ರವರೆಗೆ, ಆನಿಮಲ್ ಕಿಂಗ್‌ಡಮ್ 2057ರವರೆಗೆ, ಪಾಲಿನೇಶಿಯನ್ 2066ರವರೆಗೆ ನಡೆಯುತ್ತವೆ. ಆದ್ದರಿಂದ ಎರಡು ರೆಸಾರ್ಟ್‌ಗಳ ದರವನ್ನು ನೇರವಾಗಿ ಹೋಲಿಸುವಂತಿಲ್ಲ. ಉಳಿದಿರುವ ವರ್ಷಗಳಿಂದ ಭಾಗಿಸಿಯೇ ನೋಡಬೇಕು. 2026ರ ಆರಂಭದಿಂದ ಎಣಿಸಿದರೆ, 2042ಕ್ಕೆ ಮುಗಿಯುವ ಪಾಯಿಂಟನ್ನು 112 ಡಾಲರಿಗೆ ಕೊಂಡವರು ವರ್ಷಕ್ಕೆ 7 ಡಾಲರ್ ತೆತ್ತಂತಾಗುತ್ತದೆ, 2054ಕ್ಕೆ ಮುಗಿಯುವುದನ್ನು ಅದೇ ಬೆಲೆಗೆ ಕೊಂಡವರು ವರ್ಷಕ್ಕೆ 4 ಡಾಲರ್. ಇದರ ಮೇಲೆ ವರ್ಷಂಪ್ರತಿ ಡ್ಯೂಸ್, ಅಂದರೆ ನಿರ್ವಹಣೆ ಮತ್ತು ಆಸ್ತಿ ತೆರಿಗೆಯ ಶುಲ್ಕ, ಇದ್ದೇ ಇರುತ್ತದೆ. ಅದು ರೆಸಾರ್ಟಿನಿಂದ ರೆಸಾರ್ಟಿಗೆ ಬೇರೆ. ಈ ವಿಡಿಯೋದ ಲೆಕ್ಕಕ್ಕೆ ಪಾಯಿಂಟಿಗೆ ಎಂಟೂವರೆ ಡಾಲರ್ ಎಂದು ಇಟ್ಟುಕೊಳ್ಳೋಣ. ಅದು ಏರುತ್ತಾ ಹೋಗುವ ಮೊತ್ತ ಎಂಬುದನ್ನೂ ನೆನಪಿಟ್ಟುಕೊಳ್ಳೋಣ.

ಈಗ ಚೌಕಾಸಿಯ ವಿಷಯ. ಕೊಳ್ಳುವವರು, ಮಾರುವವರು ಇಬ್ಬರೇ ಎಂದು ನಾವು ತಿಳಿದಿರುತ್ತೇವೆ. ಆದರೆ ಇಲ್ಲಿ ಡಿಸ್ನಿಯೂ ಒಂದು ಪಕ್ಷ. ಇಬ್ಬರೂ ಒಪ್ಪಿ ಸಹಿ ಹಾಕಿದ ಕರಾರನ್ನು ಮೊದಲು ಕಂಪನಿಗೆ ಕಳುಹಿಸಬೇಕು, ಮತ್ತು ಅದೇ ಷರತ್ತುಗಳ ಮೇಲೆ ತಾನೇ ಕೊಂಡುಬಿಡುವ ಹಕ್ಕು ಕಂಪನಿಗಿದೆ. ಸದಸ್ಯರ ಬಾಯಲ್ಲಿ ಇದಕ್ಕೆ ರೋಫರ್ ಎಂದು ಹೆಸರು. ತೀರ್ಮಾನಕ್ಕೆ ಕಂಪನಿಗೆ 30 ದಿನಗಳ ಅವಕಾಶವಿರುತ್ತದೆ. ಅದು ಕೊಂಡರೆ ಮಾರುವವರಿಗೆ ನಷ್ಟವಿಲ್ಲ, ಅವರಿಗೆ ಬರಬೇಕಾದ ಹಣ ಬರುತ್ತದೆ. ನಿಮ್ಮ ಮುಂಗಡವೂ ವಾಪಸಾಗುತ್ತದೆ, ಆದರೆ ನಿಮ್ಮ ಒಂದು ತಿಂಗಳು ವ್ಯರ್ಥವಾಗುತ್ತದೆ. ಯಾವ ದರಕ್ಕಿಂತ ಕೆಳಗಿದ್ದರೆ ತಾನು ಕೊಳ್ಳುತ್ತೇನೆಂದು ಕಂಪನಿ ಪ್ರಕಟಿಸುವುದಿಲ್ಲ. ಹೀಗಾಗಿ ಪಾಯಿಂಟಿನ ದರವನ್ನು ತೀರಾ ಕೆಳಕ್ಕೆ ಇಳಿಸಿ ಗೆದ್ದ ಚೌಕಾಸಿಯು ನಿಮ್ಮ ಕೈ ತಪ್ಪಿ ಕಂಪನಿಯ ಪಾಲಾಗುವ ಸಾಧ್ಯತೆ ಹೆಚ್ಚು.

ಹಾಗಾದರೆ ಎಲ್ಲಿ ಕೇಳಬೇಕು? ಎರಡು ಕಾಲ್ಪನಿಕ ಜಾಹೀರಾತುಗಳನ್ನು ಪಕ್ಕಪಕ್ಕ ಇಟ್ಟು ಲೆಕ್ಕ ಮಾಡೋಣ. ದಯವಿಟ್ಟು ಕಾಗದ, ಪೆನ್ನು ತೆಗೆದುಕೊಳ್ಳಿ.

[ಪರದೆಯ ಮೇಲೆ ಎರಡು ಕಾಲಂ]

ಮೊದಲನೆಯದು 160 ಪಾಯಿಂಟ್, ದರ 105. ಈ ಯೂಸ್ ಇಯರಿನ, ಅಂದರೆ ಹೊಸ ಪಾಯಿಂಟ್‌ಗಳು ಬರುವ ತಿಂಗಳಿನಿಂದ ಎಣಿಸುವ ಹನ್ನೆರಡು ತಿಂಗಳ, ಪಾಯಿಂಟ್‌ಗಳೆಲ್ಲ ಹಾಗೆಯೇ ಇವೆ, ಆದರೆ ಅವುಗಳ ಡ್ಯೂಸನ್ನು ಕೊಳ್ಳುವವರು ಭರಿಸಬೇಕು. ಎರಡನೆಯದೂ 160 ಪಾಯಿಂಟ್, ದರ 98. ಈ ವರ್ಷದ ಪಾಯಿಂಟ್‌ಗಳನ್ನು ಮಾಲೀಕರು ಬಳಸಿಬಿಟ್ಟಿದ್ದಾರೆ, ನಿಮಗೆ ಬರುವುದು ಮುಂದಿನ ಯೂಸ್ ಇಯರಿನಿಂದ, ಡ್ಯೂಸ್ ಕೂಡ ಆಗಿನಿಂದಲೇ. ಇಂಥ ಬರಿದಾದ ಕಾಂಟ್ರಾಕ್ಟನ್ನು ವ್ಯವಹಾರದವರು ಸ್ಟ್ರಿಪ್ಡ್ ಎನ್ನುತ್ತಾರೆ.

ಮೊದಲನೆಯದರ ಬೆಲೆ 16,800 ಡಾಲರ್, ಅದಕ್ಕೆ ಡ್ಯೂಸ್ 1,360 ಸೇರಿದರೆ 18,160. ಎರಡನೆಯದು 15,680. ವ್ಯತ್ಯಾಸ 2,480 ಡಾಲರ್; ಇಷ್ಟಕ್ಕೆ ಮೊದಲನೆಯದರಲ್ಲಿ ಹೆಚ್ಚಾಗಿ ಸಿಗುವುದು ಒಂದು ವರ್ಷದ 160 ಪಾಯಿಂಟ್. ಅಂದರೆ ಆ ಪಾಯಿಂಟ್ ಒಂದೊಂದಕ್ಕೆ ನೀವು ಹದಿನೈದೂವರೆ ಡಾಲರ್ ಕೊಡುತ್ತಿದ್ದೀರಿ. ಈ ವರ್ಷವೇ ಹೋಗಬೇಕೆಂದಿರುವ ಕುಟುಂಬಕ್ಕೆ ಅದು ಒಪ್ಪಬಹುದಾದ ಬೆಲೆಯಿರಬಹುದು. ಎರಡು ವರ್ಷ ರಜೆಯೇ ಸಿಗದವರಿಗೆ ಅದು ದುಂದು. ಈಗ ಮೊದಲನೆಯ ಮಾರಾಟಗಾರರಿಗೆ ದರವನ್ನು ಮುಟ್ಟದೆ, ಈ ವರ್ಷದ ಡ್ಯೂಸನ್ನು ನೀವೇ ಭರಿಸಿ ಎಂದು ಕೇಳಿ ನೋಡಿ. ಅವರು ಒಪ್ಪಿದರೆ ವ್ಯತ್ಯಾಸ 1,120ಕ್ಕೆ ಇಳಿಯುತ್ತದೆ, ಪಾಯಿಂಟಿಗೆ 7 ಡಾಲರ್. ಕರಾರಿನಲ್ಲಿ ದರ 105 ಎಂದೇ ಉಳಿಯುತ್ತದೆ. ಕಂಪನಿ ಕೊಳ್ಳುವುದಾದರೂ ಎಲ್ಲ ಷರತ್ತುಗಳನ್ನೂ ನೋಡುತ್ತದೆ ಎಂಬುದು ನಿಜ, ಆದರೆ ಮಾರುವವರ ಮನಸ್ಸಿನಲ್ಲಿ ದರ ಇಳಿಸುವುದಕ್ಕೂ ಒಂದು ಬಿಲ್ಲನ್ನು ತಾವೇ ಕಟ್ಟುವುದಕ್ಕೂ ದೊಡ್ಡ ಅಂತರವಿದೆ. ದರದ ಮಾತಿಗೆ ಮುಖ ಬಿಗಿದವರು ಡ್ಯೂಸಿನ ಮಾತಿಗೆ ಒಪ್ಪಿದ್ದನ್ನು ನಾನು ಕಂಡಿದ್ದೇನೆ.

ಇಲ್ಲಿ ಒಂದು ತೊಡಕಿದೆ. ಡ್ಯೂಸ್ ಬಿಲ್ ಜನವರಿಯಿಂದ ಡಿಸೆಂಬರಿನವರೆಗಿನ ಕ್ಯಾಲೆಂಡರ್ ವರ್ಷಕ್ಕೆ ಬರುತ್ತದೆ, ಆದರೆ ಪಾಯಿಂಟ್‌ಗಳು ಯೂಸ್ ಇಯರಿನ ತಿಂಗಳಿನಿಂದ ಎಣಿಕೆಯಾಗುತ್ತವೆ. ಡಿಸೆಂಬರ್ ಯೂಸ್ ಇಯರಿನಲ್ಲಿ ಈ ಎರಡರ ನಡುವೆ ಗೊಂದಲವಾಗುವುದು ಅತಿ ಸುಲಭ. ಈ ವರ್ಷದ ಡ್ಯೂಸ್ ಎಂದಷ್ಟೇ ಬರೆಯದೆ, ಯಾವ ತಿಂಗಳಿನಿಂದ ಯಾವ ತಿಂಗಳವರೆಗಿನ ಪಾಯಿಂಟ್‌ಗಳ ಡ್ಯೂಸ್ ಯಾರದ್ದು ಎಂದು ಬಿಡಿಸಿ ಬರೆಸಿಕೊಳ್ಳಬೇಕು.

ನಮ್ಮ ಮನೆಯವರು ಮೊದಲ ಬಾರಿ ಕೊಳ್ಳಲು ಹೊರಟಾಗ ಎಡವಿದ್ದು ಪಾಯಿಂಟ್‌ಗಳ ಎಣಿಕೆಯಲ್ಲಿಯೇ. ಜಾಹೀರಾತಿನಲ್ಲಿ ಮುಂದಿನ ವರ್ಷದ ಪಾಯಿಂಟ್‌ಗಳು ಪೂರ್ತಿ ಲಭ್ಯ ಎಂದಿತ್ತು. ನಾವು ಅದನ್ನು ನಂಬಿ, ದರದಲ್ಲಿ ಎರಡು ಡಾಲರ್ ಇಳಿಸಿದ ಸಂತೋಷದಲ್ಲಿ ಸಹಿ ಹಾಕಿದೆವು. ಕೆಲವು ವಾರಗಳ ನಂತರ ಎಸ್ಟಾಪೆಲ್ ಎಂಬ ಹಾಳೆ ಬಂತು. ಊರಿನಲ್ಲಿ ನಿವೇಶನ ಕೊಳ್ಳುವ ಮುಂಚೆ ಇಸಿ ತೆಗೆಸಿದಂತೆಯೇ ಇದು. ಆ ಕಾಂಟ್ರಾಕ್ಟಿನ ಖಾತೆಯಲ್ಲಿ ಯಾವ ವರ್ಷದ ಎಷ್ಟು ಪಾಯಿಂಟ್ ಇದೆ, ಡ್ಯೂಸ್ ಬಾಕಿ ಇದೆಯೇ, ಸಾಲವಿದೆಯೇ ಎಂಬುದನ್ನು ಕಂಪನಿಯೇ ತಿಳಿಸುತ್ತದೆ. ಅದರ ನಡುವಿನ ಸಾಲಿನಲ್ಲಿ ಮುಂದಿನ ವರ್ಷದ ಎದುರಿಗೆ 160ರ ಬದಲು 38 ಎಂದಿತ್ತು. ಉಳಿದದ್ದನ್ನು ಮಾಲೀಕರು ಮುಂಗಡವಾಗಿ ಸೆಳೆದು ಬಳಸಿಬಿಟ್ಟಿದ್ದರು. ಈ ಕ್ಲಬ್ಬಿನಲ್ಲಿ ಮುಂದಿನ ವರ್ಷದ ಪಾಯಿಂಟ್‌ಗಳನ್ನು ಹೀಗೆ ಎಳೆದುಕೊಳ್ಳಬಹುದು, ಮತ್ತು ಎಳೆದುಕೊಂಡದ್ದನ್ನು ಹಿಂದಕ್ಕೆ ಹಾಕಲಾಗದು. ನಮ್ಮ ಕರಾರಿನಲ್ಲಿ ಪಾಯಿಂಟ್‌ಗಳ ಸಂಖ್ಯೆಯನ್ನು ವರ್ಷವಾರು ಬರೆಸಿರಲಿಲ್ಲ. ಅದು ನಮ್ಮದೇ ತಪ್ಪು. ಕೊನೆಗೆ ಮಾತುಕತೆ ಮುರಿದು, ಮುಂಗಡ ವಾಪಸ್ ಪಡೆಯಲು ಒಂದೂವರೆ ತಿಂಗಳು ಬೇಕಾಯಿತು.

ಆಗಿನಿಂದ ನಾನು ಬ್ರೋಕರಿಗೆ ಕಳುಹಿಸುವ ಆಫರ್ ಹೀಗಿರುತ್ತದೆ. ದರ ಇಷ್ಟು, ಈ ವರ್ಷದ ಪಾಯಿಂಟ್ ಇಷ್ಟು, ಹಿಂದಿನ ವರ್ಷದಿಂದ ಬ್ಯಾಂಕ್ ಮಾಡಿದ್ದು, ಅಂದರೆ ಬಳಸದೆ ಉಳಿಸಿಕೊಂಡದ್ದು, ಇಷ್ಟು, ಮುಂದಿನ ವರ್ಷದ್ದು ಇಷ್ಟು, ಎಸ್ಟಾಪೆಲ್‌ನಲ್ಲಿ ಇವುಗಳಲ್ಲಿ ಕೊರತೆ ಕಂಡರೆ ಪಾಯಿಂಟಿಗೆ ಇಂತಿಷ್ಟು ಡಾಲರ್ ಬೆಲೆಯಲ್ಲಿ ಕಡಿತ, ಅಥವಾ ಕರಾರು ರದ್ದಾಗಿ ಮುಂಗಡ ಪೂರ್ತಿ ವಾಪಸ್, ಸಹಿಯಾದ ದಿನದಿಂದ ಮಾಲೀಕರು ಹೊಸ ಬುಕಿಂಗ್ ಮಾಡಬಾರದು. ಇನ್ನೊಂದು ವಾಕ್ಯವನ್ನೂ ಸೇರಿಸುತ್ತೇನೆ. ಪಾಯಿಂಟ್‌ಗಳನ್ನು ಮುಂದಿನ ವರ್ಷಕ್ಕೆ ಉಳಿಸುವ ಅವಕಾಶ ಯೂಸ್ ಇಯರಿನ ಮೊದಲ ಎಂಟು ತಿಂಗಳು ಮಾತ್ರ. ಡಿಸೆಂಬರ್ ಯೂಸ್ ಇಯರಾದರೆ ಜುಲೈ 31 ಕೊನೆಯ ದಿನ. ಆಫರ್ ಒಪ್ಪಿ ಪಾಯಿಂಟ್‌ಗಳು ನಿಮ್ಮ ಕೈಗೆ ಬರುವಷ್ಟರಲ್ಲಿ ಎರಡು ಮೂರು ತಿಂಗಳಾದರೂ ಕಳೆಯುವುದರಿಂದ, ನಡುವೆ ಆ ದಿನ ಬಂದರೆ ಮಾಲೀಕರೇ ನಿಮ್ಮ ಪರವಾಗಿ ಬ್ಯಾಂಕ್ ಮಾಡಬೇಕೆಂದು ಬರೆಸಬೇಕು.

ಬ್ರೋಕರ್ ಎಷ್ಟೇ ಸಜ್ಜನರಾಗಿದ್ದರೂ ಅವರ ಕಮಿಷನ್ ಸಾಮಾನ್ಯವಾಗಿ ಮಾರುವವರ ಕಡೆಯಿಂದ ಬರುತ್ತದೆ. ಹೆಚ್ಚೆಂದರೆ ಎಷ್ಟು ಕೊಡಬಲ್ಲಿರಿ ಎಂಬ ಪ್ರಶ್ನೆಗೆ ಅವರ ಮುಂದೆ ಉತ್ತರಿಸಬಾರದು. ಬದಲಿಗೆ, ಈ ಜಾಹೀರಾತು ಎಷ್ಟು ದಿನದಿಂದ ಇದೆ, ಏಕೆ ಮಾರುತ್ತಿದ್ದಾರೆ ಎಂದು ನೀವೇ ಕೇಳಿ. ಜನವರಿಯ ಡ್ಯೂಸ್ ಬಿಲ್ಲಿಗೆ ಮುಂಚೆ ಕೈ ತೊಳೆದುಕೊಳ್ಳಬೇಕೆಂದಿರುವವರು ನವೆಂಬರಿನಲ್ಲಿ ಹೆಚ್ಚು ಮೆತ್ತಗಾಗುತ್ತಾರೆ. ಚಿಕ್ಕ ಕಾಂಟ್ರಾಕ್ಟ್‌ಗಳಿಗೆ, ಅಂದರೆ 50, 75 ಪಾಯಿಂಟಿನವುಗಳಿಗೆ, ಬೇಡಿಕೆ ಹೆಚ್ಚಿರುವುದರಿಂದ ದರವೂ ಹೆಚ್ಚು. ಅಲ್ಲಿ ಹೆಚ್ಚು ಎಳೆದಾಡಿ ಫಲವಿಲ್ಲ. ಕ್ಲೋಸಿಂಗ್ ಖರ್ಚು, ಅಂದರೆ ಒಡೆತನ ವರ್ಗಾಯಿಸುವ ಖರ್ಚು, ವಾಡಿಕೆಯಂತೆ ಕೊಳ್ಳುವವರದ್ದು, ಆದರೆ ವಾಡಿಕೆ ಕಾನೂನಲ್ಲ. ಫ್ಲೋರಿಡಾದಲ್ಲಿ ಕ್ರಯಪತ್ರದ ಸ್ಟಾಂಪ್ ತೆರಿಗೆ ಸಾಮಾನ್ಯವಾಗಿ ಪ್ರತಿ 100 ಡಾಲರಿಗೆ 70 ಸೆಂಟ್, 16,800ಕ್ಕೆ 117 ಡಾಲರ್ 60 ಸೆಂಟ್. ಅದಷ್ಟನ್ನಾದರೂ ಮಾರುವವರು ಕೊಡಲಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಮರುಮಾರಾಟದ ಪಾಯಿಂಟ್‌ಗಳಿಗೆ ಕೆಲವು ಹಕ್ಕುಗಳು ಬರುವುದಿಲ್ಲ. 2019ರ ಜನವರಿ 19ರ ನಂತರ ಹೀಗೆ ಕೊಂಡ ಹಳೆಯ ರೆಸಾರ್ಟ್‌ಗಳ ಪಾಯಿಂಟ್‌ಗಳಿಂದ ರಿವಿಯೆರಾ ಎಂಬ ಹೊಸ ರೆಸಾರ್ಟಿನಲ್ಲಿ ಕೋಣೆ ಹಿಡಿಯಲಾಗದು, ಮತ್ತು ರಿವಿಯೆರಾದ ಮರುಮಾರಾಟದ ಪಾಯಿಂಟ್‌ಗಳು ರಿವಿಯೆರಾದಲ್ಲಿ ಮಾತ್ರ ನಡೆಯುತ್ತವೆ. ನಿಮ್ಮ ರೆಸಾರ್ಟಿನಲ್ಲಿ 11 ತಿಂಗಳು ಮುಂಚೆ, ಉಳಿದ ಕಡೆ 7 ತಿಂಗಳು ಮುಂಚೆ ಬುಕ್ ಮಾಡುವ ನಿಯಮ ಮಾತ್ರ ಹಾಗೆಯೇ ಇರುತ್ತದೆ. ಹೀಗಿರುವಾಗ, ನಿಜವಾಗಿ ತಂಗಬೇಕೆಂದಿರುವ ರೆಸಾರ್ಟನ್ನೇ ಕೊಳ್ಳುವುದು ಸರಿ.

ಕೊನೆಯದಾಗಿ, ನಮ್ಮವರಿಗೆ ವಿಶೇಷವಾಗಿ ಸಂಬಂಧಿಸಿದ ಎರಡು ವಿಷಯಗಳು. ಅಮೆರಿಕ ಬಿಟ್ಟು ಬೆಂಗಳೂರಿಗೋ ಮೈಸೂರಿಗೋ ಮರಳಿದ ಪರಿಚಿತರು ತಮ್ಮ ಕಾಂಟ್ರಾಕ್ಟನ್ನು ಮಾರಲು ಮುಂದಾದರೆ ನಂಬಿಕೆಯಿಂದ ಕೊಳ್ಳುತ್ತೇವೆ. ಮಾರುವವರು ತೆರಿಗೆಯ ದೃಷ್ಟಿಯಲ್ಲಿ ವಿದೇಶಿಯರಾಗಿದ್ದರೆ, ಫಿರ್ಪ್ಟಾ ಎಂಬ ಕಾನೂನಿನಂತೆ ಸಾಮಾನ್ಯವಾಗಿ ಮಾರಾಟದ ಮೊತ್ತದ ಶೇಕಡಾ 15ನ್ನು ಕೊಳ್ಳುವವರೇ ಹಿಡಿದಿಟ್ಟು, ವರ್ಗಾವಣೆಯಾದ 20 ದಿನಗಳೊಳಗೆ ಐಆರ್‌ಎಸ್‌ಗೆ ಕಟ್ಟಬೇಕು; ಕಟ್ಟದಿದ್ದರೆ ಹೊಣೆ ಕೊಂಡವರ ಮೇಲೆ ಬರುತ್ತದೆ. 16,800ರಲ್ಲಿ ಅದು 2,520 ಡಾಲರ್. ಸ್ನೇಹ ಕೆಡದಿರಬೇಕಾದರೆ ಈ ಮಾತನ್ನು ದರದ ಮಾತಿಗಿಂತ ಮೊದಲೇ ಆಡಿ, ಕ್ರಯಪತ್ರದ ವರ್ಗಾವಣೆ ನಡೆಸಿಕೊಡುವ ಟೈಟಲ್ ಕಂಪನಿಯ ಮೂಲಕವೇ ಅದನ್ನು ನಡೆಸಿ.

ಇನ್ನೊಂದು, ಹೆಸರು. ಪಾಸ್‌ಪೋರ್ಟಿನಲ್ಲಿ ಒಂದು ರೀತಿ, ಡ್ರೈವಿಂಗ್ ಲೈಸೆನ್ಸಿನಲ್ಲಿ ಇನಿಶಿಯಲ್ ಸೇರಿ ಇನ್ನೊಂದು ರೀತಿ, ತಂದೆಯ ಹೆಸರು ಕೊನೆಗೆ ಬಂದು ಮತ್ತೊಂದು ರೀತಿ ಇರುವುದು ನಮ್ಮಲ್ಲಿ ಸಾಮಾನ್ಯ. ಮುಂದೆ ಎರಡನೆಯ ಕಾಂಟ್ರಾಕ್ಟ್ ಕೊಂಡು ಎರಡರ ಪಾಯಿಂಟ್‌ಗಳನ್ನೂ ಒಂದೇ ಸದಸ್ಯತ್ವದಡಿ ಬಳಸಬೇಕೆಂದರೆ, ಎರಡೂ ಕ್ರಯಪತ್ರಗಳಲ್ಲಿ ಒಡೆಯರ ಹೆಸರುಗಳು ಮತ್ತು ಯೂಸ್ ಇಯರ್ ಒಂದೇ ಆಗಿರಬೇಕು. ಟೈಟಲ್ ಕಂಪನಿಯವರು ಕಳುಹಿಸುವ ಕರಡು ಕ್ರಯಪತ್ರವನ್ನು ತೆರೆದು, ಗಂಡ ಹೆಂಡತಿ ಇಬ್ಬರ ಹೆಸರನ್ನೂ ಅಕ್ಷರ ಅಕ್ಷರವಾಗಿ ಓದಿದ ಮೇಲೆಯೇ ಬಾಕಿ ಹಣವನ್ನು ಕಳುಹಿಸಿ.